ಕಪ್ಪಾದ ನೇಂದ್ರ ಬಾಳೆ ಬಿಸಾಡಬೇಡಿ, ಬ್ರೆಡ್ ಮಾಡಿ

ನಮ್ಮ ಬೀದಿಯ ಹಣ್ಣಿನಂಗಡಿಯಲ್ಲಿ ನೇಂದ್ರ ಬಾಳೆಯ ಸಿಪ್ಪೆ ಕಪ್ಪಾಯಿತೋ, ಅದು ಮೂಲೆಯ ಬುಟ್ಟಿ ಸೇರುತ್ತದೆ. ಅರ್ಧ ಬೆಲೆಗೆ ಕೊಡುತ್ತಾರೆ. ನಾನು ಕಾಯುವುದೇ ಆ ಬುಟ್ಟಿಗೆ.

ನೇಂದ್ರ ಅಂದರೆ ಚಿಪ್ಸ್ ಕರಿಯುವ ಬಾಳೆ. ಗುಂಡ್ಲುಪೇಟೆ ಕಡೆ ಬೆಳೆದು ಗಡಿ ದಾಟಿ ಕೇರಳಕ್ಕೆ ಹೋಗುವುದು ಇದೇ. ಓಣಂ ಹತ್ತಿರ ಬಂದಾಗ ಇದರ ಬೆಲೆ ಕೇಳುವುದೇ ಬೇಡ. ಪಚ್ಚಬಾಳೆಗೆ ಹೋಲಿಸಿದರೆ ಇದರಲ್ಲಿ ನೀರು ಕಡಿಮೆ, ಪಿಷ್ಟ ಜಾಸ್ತಿ. ಹಾಗಾಗಿ ಬ್ರೆಡ್ ಜಿಗುಟಾಗುವುದಿಲ್ಲ, ಹೋಳು ನೀಟಾಗಿ ಬರುತ್ತದೆ. ಆದರೆ ಪಿಷ್ಟವೆಲ್ಲ ಸಕ್ಕರೆಯಾಗಲು ಹಣ್ಣಿಗೆ ಸಮಯ ಕೊಡಬೇಕು. ನಾನು ಮೊದಲ ಸಲ ಹಳದಿ ಹಣ್ಣನ್ನೇ ಹಿಸುಕಿ ಹಾಕಿದ್ದೆ. ಕತ್ತರಿಸಿದರೆ ನಡುನಡುವೆ ಅರೆಬೆಂದ ಆಲೂಗಡ್ಡೆಯಂಥ ಗಂಟುಗಳು! ಮನೆಯವರು ಸುಮ್ನೆ ತಿಂದರು, ಏನೂ ಹೇಳಲಿಲ್ಲ. ಅದೇ ದೊಡ್ಡ ಶಿಕ್ಷೆ.

ಹಣ್ಣು ಎಷ್ಟು ಕಪ್ಪಾಗಬೇಕು?

ಮುಕ್ಕಾಲು ಭಾಗ ಕಪ್ಪಾಗಿರಬೇಕು, ಒತ್ತಿದರೆ ಬೆರಳು ಒಳಗೆ ಹೋಗಬೇಕು. ಹಳದಿ ಇದ್ದರೆ ಪೇಪರಿನಲ್ಲಿ ಸುತ್ತಿ ಅಕ್ಕಿ ಡಬ್ಬದಲ್ಲಿ ನಾಲ್ಕೈದು ದಿನ ಇಡಿ. ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ. ಅಲ್ಲಿ ಸಿಪ್ಪೆ ಬೇಗ ಕಪ್ಪಾಗುತ್ತದೆ, ಒಳಗಿನ ತಿರುಳು ಹಾಗೇ ಇರುತ್ತದೆ. ಮೋಸದ ಕಪ್ಪು ಅದು.

ಚೆನ್ನಾಗಿ ಹಣ್ಣಾದರೂ ನೇಂದ್ರದ ತಿರುಳು ಸ್ವಲ್ಪ ಗಟ್ಟಿ. ಸಿಪ್ಪೆ ಸಮೇತ ಎರಡು ತುಂಡು ಮಾಡಿ, ಇಡ್ಲಿ ಪಾತ್ರೆಯಲ್ಲಿ ಹತ್ತು ನಿಮಿಷ ಹಬೆಯಲ್ಲಿ ಬೇಯಿಸಿ. ಸಿಪ್ಪೆ ತಾನೇ ಬಿಚ್ಚಿಕೊಳ್ಳುತ್ತದೆ. ನಡುವಿನ ನಾರು ತೆಗೆದು, ಬಿಸಿ ಇರುವಾಗಲೇ ಹಿಸುಕಿ ಆರಲು ಬಿಡಿ. ಮಿಕ್ಸಿಗೆ ಹಾಕಬೇಡಿ, ಅಂಟಂಟಾಗುತ್ತದೆ.

ಹಿಟ್ಟು ಕಲಸುವುದು

ಹೆಸರಿಗೆ ಬ್ರೆಡ್, ಗುಣದಲ್ಲಿ ಕೇಕ್. ಯೀಸ್ಟ್ ಬೇಡ, ನಾದುವುದೂ ಬೇಡ. ಮಂಗಳೂರು ಬನ್ಸ್ ಮಾಡಿ ಗೊತ್ತಿದ್ದವರಿಗೆ ಇದರ ಲೆಕ್ಕ ಹೊಸದಲ್ಲ. ಇಲ್ಲೂ ಬಾಳೆಹಣ್ಣು, ಹುಳಿ ಮೊಸರು, ಸೋಡಾ ಇವೇ ಮೂರು. ಮೊಸರಿನ ಹುಳಿ ಸೋಡಾಗೆ ತಾಗಿದಾಗ ಗಾಳಿಗುಳ್ಳೆ ಏಳುತ್ತದೆ, ಅದೇ ಬ್ರೆಡ್ಡನ್ನು ಉಬ್ಬಿಸುತ್ತದೆ.

ಒಂದು ಲೋಫ್ ಟಿನ್‌ಗೆ ಹಿಸುಕಿದ ಹಣ್ಣು 350 ಗ್ರಾಂ ಬೇಕು. ಹಣ್ಣಿನ ಗಾತ್ರ ನೋಡಿಕೊಂಡು ಎರಡೋ ಮೂರೋ ತೆಗೆದುಕೊಳ್ಳಿ. ಅದಕ್ಕೆ 100 ಗ್ರಾಂ ಬೆಲ್ಲದ ಪುಡಿ, 80 ಮಿಲಿ ಎಣ್ಣೆ, 120 ಮಿಲಿ ಹುಳಿ ಮೊಸರು, ಎರಡು ಮೊಟ್ಟೆ ಸೇರಿಸಿ ಕದಡಿ. ಮೊಟ್ಟೆ ತಿನ್ನದವರು ಇನ್ನೊಂದು 60 ಮಿಲಿ ಮೊಸರು, ಅರ್ಧ ಚಮಚ ಬೇಕಿಂಗ್ ಪೌಡರ್ ಹಾಕಲಿ. ಬ್ರೆಡ್ ಒಂಚೂರು ಕಡಿಮೆ ಉಬ್ಬುತ್ತದೆ, ರುಚಿಗೇನೂ ಮೋಸವಿಲ್ಲ.

ಬೇರೆ ಪಾತ್ರೆಯಲ್ಲಿ 190 ಗ್ರಾಂ ಮೈದಾ, ಒಂದು ಟೀ ಚಮಚ ಅಡುಗೆ ಸೋಡಾ, ಅರ್ಧ ಚಮಚ ಉಪ್ಪು, ನಾಲ್ಕು ಏಲಕ್ಕಿಯ ಪುಡಿ ಸೇರಿಸಿ ಜರಡಿ ಹಿಡಿಯಿರಿ. ಮೈದಾ ಬೇಡವೆಂದರೆ ಅರ್ಧಕ್ಕೆ ಗೋಧಿಹಿಟ್ಟು ಬಳಸಿ, ಪೂರ್ತಿ ಗೋಧಿ ಹಾಕಿದರೆ ಭಾರ. ಸೋಡಾ ಚಮಚದ ತಲೆ ಸಮ ಮಾಡಿಯೇ ಹಾಕಿ. ಜಾಸ್ತಿ ಆದರೆ ಸೋಪಿನ ರುಚಿ ಬರುತ್ತದೆ.

ಈಗ ಹಿಟ್ಟನ್ನು ಹಣ್ಣಿಗೆ ಹಾಕಿ, ಒಣಹಿಟ್ಟು ಕಾಣದಷ್ಟು ಮಾತ್ರ ತಿರುವಿ. ಇಡ್ಲಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಇರಬೇಕು. ಸಣ್ಣಪುಟ್ಟ ಗಂಟಿದ್ದರೆ ಇರಲಿ. ತಿರುವುತ್ತಲೇ ಇದ್ದರೆ ಬ್ರೆಡ್ ರಬ್ಬರಾಗುತ್ತದೆ.

ಬೇಯಿಸುವುದು

ಓವನ್ 180 ಡಿಗ್ರಿಗೆ ಮೊದಲೇ ಕಾಯಲಿ. ಟಿನ್‌ಗೆ ಬಟರ್ ಪೇಪರ್ ಹಾಸಿ ಹಿಟ್ಟು ಸುರಿದು, 50ರಿಂದ 60 ನಿಮಿಷ ಬೇಯಿಸಿ. ಮೇಲ್ಭಾಗ ಬೇಗ ಕೆಂಪಾದರೆ ಫಾಯಿಲ್ ಮುಚ್ಚಿ, ಬೆಲ್ಲ ಇರುವುದರಿಂದ ಹಾಗಾಗುತ್ತದೆ. ನಡುವೆ ಚುಚ್ಚಿದ ಕಡ್ಡಿ ಹಸಿ ಹಿಟ್ಟಿಲ್ಲದೆ ಬಂದರೆ ಬೆಂದಿದೆ ಎಂದರ್ಥ. ಟಿನ್‌ನಲ್ಲಿ ಹತ್ತು ನಿಮಿಷ ಬಿಟ್ಟು ಹೊರಗೆ ತೆಗೆಯಿರಿ. ಪೂರ್ತಿ ಆರದೆ ಚಾಕು ಹಾಕಬೇಡಿ. ಇದರ ಮೇಲೆ ಹಚ್ಚುವ ಕ್ರೀಮ್ ಚೀಸ್ ಮಾಡುವುದನ್ನು ಮುಂದೆ ಹೇಳಿದ್ದೇನೆ, ಬಿಸಿ ಬ್ರೆಡ್ ಮೇಲೆ ಸವರಿದರೆ ಅದು ಸಡಿಲಾಗಿ ಜಾರುತ್ತದೆ. ಮತ್ತೆ, ಈರುಳ್ಳಿ ಹೆಚ್ಚಿದ ಚಾಕು ಬೇಡ ಮಾರಾಯ್ರೆ!

ಕ್ರೀಮ್ ಚೀಸ್, ಮೂರು ರುಚಿ

ಅಂಗಡಿಯ ಡಬ್ಬ ದುಬಾರಿ, ಮನೆಯಲ್ಲೇ ಮಾಡಬಹುದು. ಒಂದು ಲೀಟರ್ ಗಟ್ಟಿ ಹಾಲು ಕುದಿಸಿ, ಒಲೆ ಆರಿಸಿ, ಎರಡು ದೊಡ್ಡ ಚಮಚ ನಿಂಬೆರಸಕ್ಕೆ ಅಷ್ಟೇ ನೀರು ಬೆರೆಸಿ ಸ್ವಲ್ಪ ಸ್ವಲ್ಪವೇ ಹಾಕಿ. ಹಾಲು ಒಡೆದು ನೀರು ತಿಳಿಹಸಿರಾದಾಗ ನಿಲ್ಲಿಸಿ. ತೆಳು ಬಟ್ಟೆಯಲ್ಲಿ ಸೋಸಿ, ತಣ್ಣೀರಲ್ಲಿ ತೊಳೆದು, 20 ನಿಮಿಷ ನೇತುಹಾಕಿ. ಪನೀರಿನ ಹಾಗೆ ಹಿಂಡಿ ಒಣಗಿಸಬೇಡಿ. ಎರಡು ಚಮಚ ಫ್ರೆಶ್ ಕ್ರೀಮ್, ಕಾಲು ಚಮಚ ಉಪ್ಪು ಹಾಕಿ ಮಿಕ್ಸಿಯಲ್ಲಿ ಬೆಣ್ಣೆಯಷ್ಟು ನುಣ್ಣಗೆ ತಿರುಗಿಸಿ. ಕೈಗೆ ತರಿ ಹತ್ತಿದರೆ ಇನ್ನೊಂದು ಸುತ್ತು. ಇದನ್ನು ಮೂರು ಪಾಲು ಮಾಡಿ.

ಮೊದಲ ಪಾಲಿಗೆ ಒಂದು ಚಮಚ ಬೆಲ್ಲದ ಪುಡಿ, ಕಾಲು ಚಮಚ ಒಣಶುಂಠಿ. ಹಸಿಶುಂಠಿ ತುರಿದು ಹಾಕಿದರೆ ಅದರ ರಸ ಹಾಲಿನ ಪ್ರೋಟೀನನ್ನು ಒಡೆಯುತ್ತದೆ, ಬೆಳಿಗ್ಗೆ ನೋಡಿದರೆ ಕಹಿ ಬಂದಿರುತ್ತದೆ. ಎರಡನೆಯದಕ್ಕೆ ಒಂದು ಚಮಚ ಗಟ್ಟಿ ಫಿಲ್ಟರ್ ಕಾಫಿ ಡಿಕಾಕ್ಷನ್, ಎರಡು ಚಮಚ ಸಕ್ಕರೆ ಪುಡಿ. ಡಿಕಾಕ್ಷನ್ ತಣ್ಣಗಿರಬೇಕು, ನೀರಾದರೆ ಕೆಟ್ಟಿತು.

ಮೂರನೆಯದೇ ನನ್ನ ಮೆಚ್ಚಿನದು. ಆಗಷ್ಟೇ ಕುಟ್ಟಿದ ಕಾಳುಮೆಣಸು, ನಿಂಬೆಯ ಹಸಿರು ಸಿಪ್ಪೆ ಒಂಚೂರು ತುರಿದದ್ದು, ಚಿಟಿಕೆ ಉಪ್ಪು, ಅಷ್ಟೇ. ಸಿಪ್ಪೆಯ ಬಿಳಿ ಭಾಗ ತಾಗದಂತೆ ತುರಿಯಿರಿ, ಅದು ಕಹಿ. ಬ್ರೆಡ್ಡೇ ಸಿಹಿ ಇರುವಾಗ ಮೇಲೆ ಇನ್ನೊಂದು ಸಿಹಿ ಯಾಕೆ, ಅಲ್ವಾ? ಮಕ್ಕಳು ಒಪ್ಪುವುದಿಲ್ಲ, ಅವರಿಗೆ ಬೆಲ್ಲದ್ದು ಕೊಡಿ.

ಚೀಸ್ ಫ್ರಿಜ್‌ನಲ್ಲಿ ಮೂರು ದಿನ ಇರುತ್ತದೆ. ಬ್ರೆಡ್ ಹೊರಗೆ ಎರಡು ದಿನ, ಮಳೆಗಾಲದಲ್ಲಿ ಒಂದೇ ದಿನ. ಉಳಿದ ಹೋಳನ್ನು ಮಾರನೇ ದಿನ ಕಾವಲಿಯ ಮೇಲೆ ತುಪ್ಪ ಸವರಿ ಎರಡೂ ಕಡೆ ಕೆಂಪಗೆ ಸುಟ್ಟು, ಒಂದು ನಿಮಿಷ ಆರಿಸಿ, ಕಾಳುಮೆಣಸಿನ ಚೀಸ್ ಹಚ್ಚಿ ತಿನ್ನಿ. ನಮ್ಮ ಮನೆಯಲ್ಲಿ ಜಗಳ ಆಗುವುದು ಆ ಹೋಳಿಗೇ.