ಲೆಕ್ಕಶಾಸ್ತ್ರ, ಕಾನೂನು ಜೊತೆಯಾಗಿ ಓದುವುದು ಹೇಗೆ?

ಜೋಡಿ ಪದವಿಗೆ ಸೇರಿದ ಹಲವರು ಎಡವುವುದು ಒಂದೇ ಜಾಗದಲ್ಲಿ. ಎರಡೂ ತರಗತಿಗಳಲ್ಲಿ ಅದದೇ ಪದಗಳು ಕೇಳಿಬರುತ್ತವೆ, ಆದರೆ ಅರ್ಥ ಬೇರೆ. ಲೆಕ್ಕದ ಅರ್ಥವನ್ನು ಕಾನೂನಿನ ಉತ್ತರಪತ್ರಿಕೆಗೆ, ಕಾನೂನಿನ ಅರ್ಥವನ್ನು ಲೆಕ್ಕದ ಪುಸ್ತಕಕ್ಕೆ ಹೊತ್ತೊಯ್ದು ಅಂಕ ಕಳೆದುಕೊಳ್ಳುತ್ತಾರೆ. ಹಾಗಾಗಿ ಇಲ್ಲಿ ಮೂರನೇ ಹಂತವೇ ಉದ್ದವಾಗಿದೆ, ಉಳಿದವು ಚಿಕ್ಕವು.

ಹಂತ 1: ವಿಷಯಗಳ ಸರದಿ

ಕರಾರು ಕಾನೂನು ಮುಗಿಸದೆ ಕಂಪನಿ ಕಾನೂನಿಗೆ ಕೈ ಹಾಕಬೇಡಿ. ಹಣಕಾಸು ಲೆಕ್ಕಶಾಸ್ತ್ರ ಗಟ್ಟಿಯಾಗದೆ ತೆರಿಗೆ ಕಾನೂನೂ ಬೇಡ, ಲೆಕ್ಕಪರಿಶೋಧನೆಯೂ ಬೇಡ. ಕಂಪನಿ ಕಾನೂನು ಮತ್ತು ಕಂಪನಿ ಲೆಕ್ಕಪತ್ರ ಒಂದೇ ಸೆಮಿಸ್ಟರಿನಲ್ಲಿ ಸಿಕ್ಕರೆ ಎರಡನ್ನೂ ತೆಗೆದುಕೊಳ್ಳಿ. ಷೇರು ಬಂಡವಾಳ, ಡಿವಿಡೆಂಡ್, ಸಾಲಪತ್ರ ಇವನ್ನೆಲ್ಲ ಒಮ್ಮೆ ಓದಿದರೆ ಎರಡು ಕಡೆಗೂ ಆಯಿತು.

ಹಂತ 2: ವಾರದ ವೇಳೆ

ಲೆಕ್ಕಕ್ಕೆ ದಿನಾ 45 ನಿಮಿಷ, ಪೆನ್ನು ಹಿಡಿದು. ಕಾನೂನಿಗೆ ವಾರದಲ್ಲಿ ಮೂರು ಸಲ, ಎರಡೆರಡು ಗಂಟೆ ಎಡೆಬಿಡದೆ. ಇದನ್ನು ತಿರುವುಮುರುವು ಮಾಡಬೇಡಿ. ನಾಲ್ಕು ದಿನ ಬಿಟ್ಟರೆ ಜರ್ನಲ್ ನಮೂದು (ವ್ಯವಹಾರವನ್ನು ಡೆಬಿಟ್, ಕ್ರೆಡಿಟ್ ಆಗಿ ಬರೆಯುವುದು) ಕೈತಪ್ಪುತ್ತದೆ. ಅರ್ಧ ಗಂಟೆಯಲ್ಲಿ ತೀರ್ಪಿನ ವಾದಸರಣಿ ಹಿಡಿತಕ್ಕೇ ಬರುವುದಿಲ್ಲ.

ಹಂತ 3: ಎದುರುಬದುರು ಪುಟ

ಇನ್ನೂರು ಪುಟದ ಒಂದು ನೋಟ್‌ಬುಕ್ ಇದಕ್ಕೆಂದೇ ಇಡಿ. ತೆರೆದಾಗ ಎಡಪುಟ ಕಾನೂನಿಗೆ, ಬಲಪುಟ ಲೆಕ್ಕಕ್ಕೆ. ಮೊದಲು ಪದಗಳನ್ನು ಬರೆಯಿರಿ.

ಹೊಣೆ: ಯಾರು, ಯಾರಿಗೆ, ಯಾಕೆ ಉತ್ತರ ಕೊಡಬೇಕು ಎಂಬುದು ಕಾನೂನಿನ ಪ್ರಶ್ನೆ. ಲೆಕ್ಕದಲ್ಲಿ ಐಎಎಸ್ 37 ಎಂಬ ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ ಮೂರು ಷರತ್ತು ಇಡುತ್ತದೆ. ಹಿಂದೆ ನಡೆದ ಘಟನೆಯಿಂದ ಈಗ ಬಾಧ್ಯತೆ ಇರಬೇಕು, ಅದನ್ನು ತೀರಿಸಲು ಹಣ ಹೊರಹೋಗುವ ಸಂಭವ ಹೋಗದಿರುವುದಕ್ಕಿಂತ ಹೆಚ್ಚಿರಬೇಕು, ಮೊತ್ತವನ್ನು ನಂಬುವಂತೆ ಅಂದಾಜಿಸಲು ಬರಬೇಕು. ಆಗ ಮಾತ್ರ ಪ್ರಾವಿಷನ್, ಅಂದರೆ ಆ ಮೊತ್ತವನ್ನು ಲೆಕ್ಕದೊಳಗೇ ಹೊಣೆಯಾಗಿ ತೋರಿಸುವುದು. ಒಂದು ಷರತ್ತು ತಪ್ಪಿದರೂ ಅದು ಲೆಕ್ಕಪತ್ರದ ಕೆಳಗಿನ ಟಿಪ್ಪಣಿಗೆ ಇಳಿಯುತ್ತದೆ. ಸಂಭವ ತೀರಾ ದೂರವಾದರೆ ಟಿಪ್ಪಣಿಯೂ ಬೇಡ. ಸಿವಿಲ್ ದಾವೆಯ ರುಜುವಾತಿಗೂ ‘ಹೆಚ್ಚು ಸಂಭವ’ವೇ ಅಳತೆಗೋಲು ಎಂದು ಎರಡನ್ನೂ ಒಂದೇ ಎಂದುಕೊಳ್ಳುವವರಿದ್ದಾರೆ. ನ್ಯಾಯಾಲಯ ಅಳೆಯುವುದು ನಡೆದುಹೋದ ಸಂಗತಿ ರುಜುವಾಯಿತೇ ಎಂದು, ಲೆಕ್ಕಿಗ ಅಳೆಯುವುದು ಮುಂದೆ ಹಣ ಹೋದೀತೇ ಎಂದು.

ಪ್ರತಿಫಲ (ಕೊಟ್ಟ ಮಾತಿಗೆ ಬದಲಾಗಿ ಸಿಗುವುದು): ಇಂಗ್ಲೆಂಡಿನಿಂದ ಬಂದ ಕಾಮನ್ ಲಾ ಪದ್ಧತಿಯಲ್ಲಿ ಕರಾರಿಗೆ ಒಂದು ಮೆಣಸಿನ ಕಾಳೂ ಪ್ರತಿಫಲವಾದೀತು, ಅದು ಸಾಕಷ್ಟಾಯಿತೇ ಎಂದು ನ್ಯಾಯಾಲಯ ತೂಗುವುದಿಲ್ಲ. ಲೆಕ್ಕದಲ್ಲಿ ತೂಗುವುದೇ ಕೆಲಸ.

ಪ್ರತ್ಯೇಕ ಅಸ್ತಿತ್ವ: ಇಂಗ್ಲೆಂಡಿನ 1897ರ ಸಾಲೊಮನ್ ಪ್ರಕರಣದಿಂದ ಕಂಪನಿಯೇ ಬೇರೆ, ಷೇರುದಾರನೇ ಬೇರೆ ಎಂಬುದು ಗಟ್ಟಿಯಾಯಿತು. ಒಬ್ಬನೇ ನಡೆಸುವ ಅಂಗಡಿಗೆ ಕಾನೂನು ಆ ರಕ್ಷಣೆ ಕೊಡುವುದಿಲ್ಲ, ಅಂಗಡಿಯ ಸಾಲ ಮಾಲೀಕನದೇ ಸಾಲ. ಲೆಕ್ಕ ಮಾತ್ರ ಆ ಚಿಕ್ಕ ಅಂಗಡಿಯನ್ನೂ ಮಾಲೀಕನಿಂದ ಬೇರೆ ಮಾಡಿ ಪುಸ್ತಕ ಬರೆಯುತ್ತದೆ. ಅದೇ ಲೆಕ್ಕ, ಕಾನೂನಿನಲ್ಲಿ ಬೇರೆಬೇರೆಯಾದ ತಾಯಿ ಕಂಪನಿ ಮತ್ತು ಅಧೀನ ಕಂಪನಿಗಳನ್ನು ಕೂಡಿಸಿ ಒಂದೇ ಲೆಕ್ಕಪತ್ರ ಕೊಡುತ್ತದೆ. ಇದೊಂದು ತಿಳಿದರೆ ಕಂಪನಿ ಕಾನೂನಿನ ಅರ್ಧ ಗೊಂದಲ ಹೋದಂತೆ.

ಪದಗಳಾದ ಮೇಲೆ ವ್ಯವಹಾರಗಳು. ಲೀಸ್‌ನಿಂದ ಶುರುಮಾಡಿ, ಎರಡು ಪುಟಗಳ ನಡುವಿನ ಅಂತರ ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ. ಒಂದು ಯಂತ್ರ, ಮೂರು ವರ್ಷದ ಲೀಸ್, ಪ್ರತಿ ವರ್ಷದ ಕೊನೆಗೆ 1,00,000, ಬಡ್ಡಿ ದರ ಶೇ 10 ಎಂದಿಟ್ಟುಕೊಳ್ಳಿ.

ಎಡಪುಟ: ಒಡೆತನ ಕೊಟ್ಟವನದು. ಪಡೆದವನಿಗೆ ಬಳಸುವ ಹಕ್ಕು ಮಾತ್ರ. ಕಂತು ತಪ್ಪಿದರೆ ಕರಾರಿನಲ್ಲಿ ಏನಿದೆ, ಪಡೆದವನು ದಿವಾಳಿಯಾದರೆ ಯಂತ್ರ ಯಾರಿಗೆ, ಇವಕ್ಕೆ ಎರಡೆರಡು ಸಾಲು.

ಬಲಪುಟ: 2019ರಿಂದ ಜಾರಿಯಲ್ಲಿರುವ, ಅಂತರರಾಷ್ಟ್ರೀಯ ಹಣಕಾಸು ವರದಿ ಮಾನದಂಡವಾದ ಐಎಫ್‌ಆರ್‌ಎಸ್ 16ರ ಪ್ರಕಾರ ಪಡೆದವನು ಬಳಕೆಯ ಹಕ್ಕನ್ನು ಆಸ್ತಿಯಾಗಿಯೂ ಕಂತುಗಳನ್ನು ಹೊಣೆಯಾಗಿಯೂ ತೋರಿಸಬೇಕು. ಕಂತುಗಳ ಇಂದಿನ ಬೆಲೆ (ಮುಂದೆ ಕಟ್ಟುವ ಹಣದಿಂದ ಅಲ್ಲಿಯವರೆಗಿನ ಬಡ್ಡಿ ಕಳೆದದ್ದು, ಇದೇ ವಟಾವಣೆ) 90,909 + 82,645 + 75,131, ಒಟ್ಟು 2,48,685. ಸವಕಳಿ ವರ್ಷಕ್ಕೆ 82,895. ಮೊದಲ ವರ್ಷದ ಬಡ್ಡಿ 24,869. ಕಂತು ಕಟ್ಟಿದ ಮೇಲೆ ಉಳಿದ ಹೊಣೆ 1,73,554. ಕೈಯಿಂದ ಹೋದದ್ದು 1,00,000, ಲಾಭನಷ್ಟಕ್ಕೆ ಬಿದ್ದ ಖರ್ಚು 1,07,764. ಎರಡನೇ ವರ್ಷ 1,00,250, ಮೂರನೇ ವರ್ಷ 91,986. ಕೂಡಿದರೆ ಸರಿಯಾಗಿ 3,00,000. ಈ ತಾಳೆ ನೋಡದೆ ಪುಟ ಮುಗಿಸಬೇಡಿ.

ಇಲ್ಲಿ ಆಗುವ ತಪ್ಪುಗಳು ಮೂರು. ‘ಒಡೆತನ ಇಲ್ಲ, ಆದ್ದರಿಂದ ಆಸ್ತಿ ಇಲ್ಲ’ ಎಂದು ಲೆಕ್ಕದಲ್ಲಿ ಬರೆಯುವುದು. ‘ಆಸ್ತಿ ಪಟ್ಟಿಯಲ್ಲಿದೆ, ಆದ್ದರಿಂದ ಮಾರಬಹುದು’ ಎಂದು ಕಾನೂನಿನಲ್ಲಿ ಬರೆಯುವುದು. ತನ್ನದಲ್ಲದ ವಸ್ತುವಿನ ಒಡೆತನವನ್ನು ದಾಟಿಸಲು ಸಾಮಾನ್ಯವಾಗಿ ಯಾರಿಗೂ ಬರುವುದಿಲ್ಲ. ಮೂರನೆಯದು, ಲೀಸ್ ಶುರುವಾದ ದಿನವೇ ಕಟ್ಟುವ ಕಂತನ್ನೂ ವಟಾಯಿಸುವುದು. ಮೊದಲ ದಿನ ಕಟ್ಟಿದ ಹಣಕ್ಕೆ ವಟಾವಣೆ ಇಲ್ಲ, ಅದು ಬಾಕಿ ಹೊಣೆಯಲ್ಲೂ ಸೇರುವುದಿಲ್ಲ.

ಎರಡೂ ಪುಟದ ಅಡಿಯಲ್ಲಿ ಒಂದೊಂದು ಸಾಲು ಖಾಲಿ ಬಿಡಿ. ಕಾನೂನು, ಲೆಕ್ಕ ಎಲ್ಲಿ ಬೇರೆಯಾದವು, ಯಾಕೆ ಎಂದು ಅಲ್ಲಿ ನಿಮ್ಮ ಮಾತಿನಲ್ಲಿ ಬರೆಯಿರಿ. ಬರೆಯಲು ಆಗದಿದ್ದರೆ ಆ ವ್ಯವಹಾರ ಇನ್ನೂ ಅರ್ಥವಾಗಿಲ್ಲ. ಮುಂದೆ ಸರಕಿನ ಮಾರಾಟ, ಜಾಮೀನು, ಬಾಕಿ ಇರುವ ದಾವೆ, ಷೇರು ವಿತರಣೆ, ಡಿವಿಡೆಂಡ್ ಘೋಷಣೆ. ಮಾರಾಟದ ಪುಟ ಬರೆಯುವಾಗ ನೆನಪಿಡಿ: ಐಎಫ್‌ಆರ್‌ಎಸ್ 15 ಸರಕಿನ ಹತೋಟಿ ದಾಟಿತೇ ಎಂದು ಕೇಳುತ್ತದೆ, ಕಾನೂನಿನ ಒಡೆತನ ಅದರ ಐದು ಸೂಚನೆಗಳಲ್ಲಿ ಒಂದು ಮಾತ್ರ.

ಹಂತ 4: ತೀರ್ಪು ಓದುವುದು

ಸಂಗತಿ ನಾಲ್ಕು ಸಾಲು, ಪ್ರಶ್ನೆ ಒಂದು ಸಾಲು, ತೀರ್ಪಿಗೆ ಆಧಾರವಾದ ಕಾರಣ ಆರು ಸಾಲು. ಮಾತಿನ ನಡುವೆ ನ್ಯಾಯಾಧೀಶರು ಹೇಳಿದ ಉಳಿದ ಅಭಿಪ್ರಾಯಗಳನ್ನು ಬೇರೆ ಬಣ್ಣದಲ್ಲಿ ಗುರುತಿಸಿ.

ರೆಡಿಮೇಡ್ ಗೈಡ್‌ಗಳಿಂದ ದೂರ ಇರಿ. ಹಳೆಯ ತೆರಿಗೆ ಗೈಡ್ ಅಂತೂ ಏನೂ ಇಲ್ಲದಿರುವುದಕ್ಕಿಂತ ಕೆಟ್ಟದ್ದು, ದರ ಮತ್ತು ಕಲಂ ಬದಲಾಗಿರುತ್ತವೆ. ಎಐ ಕೊಡುವ ಸಾರಾಂಶದಲ್ಲಿ ಇಲ್ಲದ ಪ್ರಕರಣಗಳೂ ನಿಜದಂತೆ ಬರುತ್ತವೆ. ಉತ್ತರದಲ್ಲಿ ಹೆಸರಿಸುವ ತೀರ್ಪನ್ನು ಮೂಲದಲ್ಲಿ ನೋಡಿಯೇ ಹೆಸರಿಸಿ.

ಹಂತ 5: ಪರೀಕ್ಷೆ

ಮೂರು ಗಂಟೆಗೆ 100 ಅಂಕ ಎಂದರೆ ಅಂಕಕ್ಕೆ 1.8 ನಿಮಿಷ. 20 ಅಂಕದ ಪ್ರಶ್ನೆಗೆ 36 ನಿಮಿಷ ಆಯಿತೋ, ಪೆನ್ನು ಮುಂದಿನದಕ್ಕೆ. ತಾಳೆಪಟ್ಟಿ (ಟ್ರಯಲ್ ಬ್ಯಾಲೆನ್ಸ್) ಕೂಡದಿದ್ದರೆ ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡಿ. ಶೇಷ ಇಲ್ಲದಿದ್ದರೆ ಅಂಕಿ ಅದಲುಬದಲಾಗಿರಬಹುದು. ಇಲ್ಲವೇ ಅರ್ಧ ಮಾಡಿ ನೋಡಿ, ಆ ಮೊತ್ತ ತಪ್ಪು ಬದಿಗೆ ಬಿದ್ದಿರಬಹುದು. ಎರಡಕ್ಕೂ ಸಿಗದಿದ್ದರೆ ಬಿಟ್ಟುಬಿಡಿ, ಬಿಡಿಲೆಕ್ಕ ತೋರಿಸಿದ್ದಕ್ಕೆ ಅಂಕ ಬರುತ್ತದೆ.

ಕಾನೂನಿನ ಸಮಸ್ಯೆಗೆ ಪ್ರಶ್ನೆ, ನಿಯಮ, ಅನ್ವಯ, ನಿರ್ಣಯ ಈ ಕ್ರಮ. ಅರ್ಧ ಸಮಯ ಅನ್ವಯಕ್ಕೇ ಇಡಿ. ಲೆಕ್ಕದ ಅಭ್ಯಾಸ ಇದ್ದವರು ನಿರ್ಣಯಕ್ಕೆ ಹಾರಿ ‘ಕರಾರು ಅನೂರ್ಜಿತ’ ಎಂದು ಮುಗಿಸುತ್ತಾರೆ. ಕೊಟ್ಟ ಸಂಗತಿಯ ಒಂದೊಂದು ವಾಕ್ಯಕ್ಕೂ ನಿಯಮವನ್ನು ಹಚ್ಚಿ ತೋರಿಸಿದರೆ, ಎದುರು ಪಕ್ಷದವರ ವಾದಕ್ಕೂ ಜಾಗ ಕೊಟ್ಟರೆ, ನಿರ್ಣಯ ಬೇರೆಯಾದರೂ ಅಂಕ ಉಳಿಯುತ್ತದೆ.

ಕೊನೆಯ ವಾರ ಹೊಸದೇನೂ ಓದಬೇಡಿ. ನೋಟ್‌ಬುಕ್ಕಿನ ಬಲಪುಟ ಮುಚ್ಚಿ, ಎಡಪುಟ ನೋಡಿಕೊಂಡು ಜರ್ನಲ್ ನಮೂದು ಬರೆಯಿರಿ. ಮರುದಿನ ಎಡಪುಟ ಮುಚ್ಚಿ.