ಕರಾಟೆ ಕ್ಲಾಸ್ ಹುಡುಕುತ್ತಿದ್ದೀರಾ? ಕೊನೆಯ ಸಾಲಿನ ಮಗುವನ್ನು ನೋಡಿ

ಜೂನ್ ಬಂತೆಂದರೆ ಶಾಲೆ ಗೇಟಿನ ಮುಂದೆ ಪಾಂಪ್ಲೆಟ್ ಹಂಚುವವರ ಸಾಲು. ಡ್ರಾಯಿಂಗ್, ಕೀಬೋರ್ಡ್, ಅಬ್ಯಾಕಸ್, ಅವುಗಳ ನಡುವೆ ಒಂದು ಕರಾಟೆಯದು. ಗಾಳಿಯಲ್ಲಿ ಹಾರಿ ಕಾಲು ಚಾಚಿದ ಒಬ್ಬರ ಚಿತ್ರ, ಕೆಳಗೆ ಮೊಬೈಲ್ ನಂಬರು. ನನ್ನ ಮಗಳಿಗೆ ಏಳು ವರ್ಷವಿದ್ದಾಗ ನಾನು ಇಂಥದ್ದೇ ಒಂದು ಕಾಗದ ನೋಡಿ ಸೇರಿಸಿದ್ದೆ. ಮನೆಗೆ ಹತ್ತಿರ, ಫೀಸ್ ಕಡಿಮೆ. ಬೇರೇನೂ ಕೇಳಲಿಲ್ಲ. ಒಂದೂವರೆ ವರ್ಷದಲ್ಲಿ ಅವಳ ಸೊಂಟಕ್ಕೆ ಹಸಿರು ಬೆಲ್ಟ್ ಬಂತು. ಆದರೆ ಮುಷ್ಟಿ ಕಟ್ಟು ಅಂದರೆ ಹೆಬ್ಬೆರಳನ್ನು ಒಳಗೆ ಮಡಚಿಕೊಳ್ಳುತ್ತಿದ್ದಳು. ಹಾಗೆ ಹೊಡೆದರೆ ಮೊದಲು ಮುರಿಯುವುದು ಅವಳ ಹೆಬ್ಬೆರಳೇ! ಮೊದಲ ದಿನ ಹೇಳಿಕೊಡಬೇಕಾದ ಈ ಪಾಠವನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಆಮೇಲೆ ಬೇರೆ ಕ್ಲಾಸ್ ಹುಡುಕಲು ನಮ್ಮೂರು ತುಮಕೂರಿನಲ್ಲಿ ಐದಾರು ಕಡೆ ಹೋಗಿ ಮೂಲೆಯಲ್ಲಿ ಕೂತು ನೋಡಿದೆ. ಕೊನೆಗೆ ನಾನೂ ಸೇರಿಕೊಂಡೆ, ಅದು ಬೇರೆ ಕತೆ. ಆ ಓಡಾಟದಲ್ಲಿ ಕಲಿತದ್ದನ್ನು ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

ಮೊದಲು: ಯಾಕೆ ಬೇಕು?

ಮೈ ಗಟ್ಟಿಯಾಗಲಿ ಅಂತಲೋ, ಪದಕ ಗೆಲ್ಲಲಿ ಅಂತಲೋ, ಆತ್ಮರಕ್ಷಣೆಗೋ, ಪಕ್ಕದ ಮನೆ ಹುಡುಗ ಹೋಗುತ್ತಾನೆ ಅಂತಲೋ? ಕೊನೆಯದೂ ತಪ್ಪೇನಲ್ಲ, ಜೊತೆಗಾರರಿದ್ದರೆ ಮಕ್ಕಳು ಬಿಡದೆ ಹೋಗುತ್ತಾರೆ. ಆದರೆ ಉತ್ತರ ಸ್ಪಷ್ಟವಾಗಿದ್ದರೆ ಹುಡುಕಾಟ ಸುಲಭ.

ಹೆಣ್ಣುಮಗಳಿಗೆ ಆತ್ಮರಕ್ಷಣೆಯ ಒಂದಿಷ್ಟು ಪಟ್ಟು ಗೊತ್ತಿದ್ದರೆ ಸಾಕು ಅನ್ನುವವರು ಮೊದಲು ಶಾಲೆಯಲ್ಲೇ ವಿಚಾರಿಸಿ. ಸರ್ಕಾರಿ ಶಾಲೆಗಳಲ್ಲಿ 6ರಿಂದ 12ನೇ ತರಗತಿಯ ಹುಡುಗಿಯರಿಗೆ ಸಮಗ್ರ ಶಿಕ್ಷಾ ಯೋಜನೆಯಡಿ ರಾಣಿ ಲಕ್ಷ್ಮೀಬಾಯಿ ಹೆಸರಿನ 3 ತಿಂಗಳ ಆತ್ಮರಕ್ಷಣಾ ತರಬೇತಿ ಇದೆ. ನಿಮ್ಮ ಶಾಲೆಯಲ್ಲಿ ಈ ವರ್ಷ ನಡೆಯುತ್ತದಾ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿ.

ಆಮೇಲೆ: ಯಾವ ವಿದ್ಯೆ?

ನಮ್ಮಲ್ಲಿ ಎಲ್ಲಕ್ಕೂ 'ಕರಾಟೆ' ಎಂದೇ ಹೆಸರು. ಟೇಕ್ವಾಂಡೊ ಕ್ಲಾಸಿಗೆ ಹೋಗುವ ಮಗುವಿನ ಅಜ್ಜಿಯೂ 'ಮೊಮ್ಮಗ ಕರಾಟೆಗೆ ಹೋಗಿದ್ದಾನೆ' ಎನ್ನುತ್ತಾರೆ. ಆದರೆ ಒಂದೊಂದರ ದಾರಿ ಬೇರೆ.

ಕರಾಟೆ ಜಪಾನಿನ ಒಕಿನಾವಾ ದ್ವೀಪದ್ದು. ಗಿಚಿನ್ ಫುನಾಕೋಶಿ 1922ರಲ್ಲಿ ಅದನ್ನು ಟೋಕಿಯೊದಲ್ಲಿ ತೋರಿಸಿದ ಮೇಲೆ ಜಪಾನಿನ ಉಳಿದ ಕಡೆ ಹರಡಿತು. ಶೋಟೋಕಾನ್, ಗೋಜು ರ‍್ಯು, ಶಿಟೋ ರ‍್ಯು, ವಾಡೋ ರ‍್ಯು ಎಂದು ಬೋರ್ಡುಗಳ ಮೇಲೆ ಕಾಣುವುದು ಅದರ ಶೈಲಿಗಳ ಹೆಸರು. ಹೊಸಬರು ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಮೊದಲ ಆರು ತಿಂಗಳು ಎಲ್ಲ ಕಡೆ ಹೆಚ್ಚುಕಡಿಮೆ ಅದೇ ನಿಲುವು, ಅದೇ ಗುದ್ದು, ಅದೇ ತಡೆ. ಕ್ಯೋಕುಶಿನ್ ಎಂದಿದ್ದರೆ ಮಾತ್ರ ಇನ್ನೊಂದು ಪ್ರಶ್ನೆ ಕೇಳಿ. ಅದು ಮೈಮೇಲೆ ನಿಜವಾಗಿ ಏಟು ಬೀಳುವ ಶೈಲಿ. ಚಿಕ್ಕ ಮಕ್ಕಳಿಗೆ ಅಲ್ಲಿ ಏನು ರಕ್ಷಣೆ ಹಾಕಿಸುತ್ತಾರೆ ಎಂದು ತಿಳಿದುಕೊಳ್ಳಿ.

ಕೊರಿಯಾದ ಟೇಕ್ವಾಂಡೊದಲ್ಲಿ ಕಾಲಿನದೇ ಆಟ. ಒಲಿಂಪಿಕ್ಸ್ ಕನಸು ಇರುವವರು ಒಂದು ವಿಷಯ ತಿಳಿದಿರಬೇಕು. ಟೇಕ್ವಾಂಡೊಗೆ 2000ದ ಸಿಡ್ನಿಯಿಂದ ಪ್ರತಿ ಒಲಿಂಪಿಕ್ಸ್‌ನಲ್ಲೂ ಪದಕವಿದೆ. ಕರಾಟೆ ಇದ್ದದ್ದು ಒಂದೇ ಸಲ, 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ. 2024ರ ಪ್ಯಾರಿಸ್‌ನಲ್ಲಿ ಇರಲಿಲ್ಲ, 2028ರ ಲಾಸ್ ಏಂಜಲೀಸ್‌ಗೂ ಇಲ್ಲ.

ಎದುರಾಳಿಯನ್ನು ಹಿಡಿದು ಕೆಡವುವ ಜಪಾನಿನ ಜೂಡೊ ನನಗೆ ಒಂದು ಕಾರಣಕ್ಕೆ ತುಂಬಾ ಇಷ್ಟ. ಮೊದಲ ಕೆಲವು ವಾರ ಅಲ್ಲಿ ಹೆಚ್ಚಾಗಿ ಬೀಳುವುದನ್ನೇ ಕಲಿಸುತ್ತಾರೆ. ಗಲ್ಲ ಎದೆಗೆ ತಾಗಿಸಿ, ಕೈಯಿಂದ ಮ್ಯಾಟನ್ನು ಬಡಿದು, ತಲೆ ನೆಲಕ್ಕೆ ತಾಗದಂತೆ ಬೀಳುವುದು. ಜೀವನದಲ್ಲಿ ನಮ್ಮ ಮೇಲೆ ಯಾರೋ ಎರಗುವುದು ಅಪರೂಪ. ಸ್ಕೂಟರಿನಿಂದ, ಬಚ್ಚಲಮನೆಯಲ್ಲಿ, ಮೆಟ್ಟಿಲ ಮೇಲೆ ಬೀಳುವುದೇ ಜಾಸ್ತಿ, ಅಲ್ವಾ? ಆದರೆ ಜೂಡೊಗೆ ದಪ್ಪ ಮ್ಯಾಟುಗಳು ಬೇಕೇ ಬೇಕು. ಹಾಗಾಗಿ ಸಣ್ಣ ಊರುಗಳಲ್ಲಿ ಸಿಗುವುದು ಕಷ್ಟ.

ಕೇರಳದ ಕಳರಿಪಯಟ್ಟು ಬೆಂಗಳೂರಿನಲ್ಲೂ ಕಲಿಯಲು ಸಿಗುತ್ತದೆ. ಅದರ ಕ್ರಮವೇ ಹೀಗೆ: ಮೊದಲು ಮೈ ಪಳಗಿಸುವುದು, ಆಮೇಲೆ ಕೋಲು, ಆಮೇಲೆ ಕತ್ತಿ. ಮೊದಲ ತಿಂಗಳಲ್ಲೇ ಕೈಗೆ ಕತ್ತಿ ಕೊಟ್ಟು ಫೋಟೊ ತೆಗೆಯುವ ಕಡೆ ಸ್ವಲ್ಪ ಅನುಮಾನ ಇರಲಿ.

ನಮ್ಮದೇ ಗರಡಿ ಮನೆಯನ್ನು ಮರೆಯಬೇಡಿ. ಮೈಸೂರು, ದಾವಣಗೆರೆ ಕಡೆಯವರಿಗೆ ಹೇಳಬೇಕಾಗಿಲ್ಲ. ಕೆಮ್ಮಣ್ಣಿನ ಮಟ್ಟಿ, ದಂಡ, ಬಸ್ಕಿ, ಗದೆ, ಉಸ್ತಾದರ ಬೈಗುಳ. ಅಲ್ಲಿ ಬಣ್ಣದ ಬೆಲ್ಟೂ ಇಲ್ಲ, ಬೆಲ್ಟ್ ಪರೀಕ್ಷೆಯ ಫೀಸೂ ಇಲ್ಲ. ಬೆಳಗಿನ ಜಾವ ಏಳಬೇಕು, ಅದೊಂದೇ ಕಷ್ಟ.

ಇಷ್ಟೆಲ್ಲ ಹೇಳಿದರೂ ನನ್ನ ಅಭಿಪ್ರಾಯ ಇಷ್ಟೇ. ಅರ್ಧ ಗಂಟೆ ಬಸ್ಸಿನಲ್ಲಿ ಹೋಗಿ ಕಲಿಯುವ ಹೆಸರಾಂತ ಶೈಲಿಗಿಂತ, ನಡೆದು ಹೋಗುವಷ್ಟು ದೂರದಲ್ಲಿರುವ ಒಳ್ಳೆಯ ಮೇಷ್ಟ್ರು ಮೇಲು. ಹಾಗಾದರೆ ಒಳ್ಳೆಯ ಮೇಷ್ಟ್ರನ್ನು ಗುರುತಿಸುವುದು ಹೇಗೆ?

ಹೋಗಿ ಕೂತು ನೋಡಿ

ಹೆಂಚು ಒಡೆಯುವ, ಟ್ಯೂಬ್‌ಲೈಟ್ ಪುಡಿ ಮಾಡುವ ಪ್ರದರ್ಶನದ ದಿನ ಹೋಗಬೇಡಿ. ಸಾಮಾನ್ಯ ಮಂಗಳವಾರವೋ ಗುರುವಾರವೋ ಹೋಗಿ. 'ಒಂದು ಕ್ಲಾಸ್ ಕೂತು ನೋಡಬಹುದಾ?' ಎಂದು ಕೇಳಿ. 'ಪೇರೆಂಟ್ಸ್‌ಗೆ ಒಳಗೆ ಬಿಡಲ್ಲ' ಎಂದರೆ ಅಲ್ಲಿಗೆ ಮುಗಿಯಿತು, ವಾಪಸ್ ಬನ್ನಿ. ಮಕ್ಕಳು ಗಮನ ಕೊಡಲ್ಲ ಅಂತ ದಿನಾ ಕೂರಬೇಡಿ ಎನ್ನುವುದು ಬೇರೆ. ಬಾಗಿಲು ಹಾಕಿಕೊಳ್ಳುವುದು ಬೇರೆ.

ಕೂತ ಮೇಲೆ ಮುಂದಿನ ಸಾಲು ನೋಡಬೇಡಿ. ಅಲ್ಲಿ ಪದಕ ತಂದ ಮಕ್ಕಳಿರುತ್ತಾರೆ. ಅವರನ್ನು ಇಟ್ಟುಕೊಂಡು ಯಾರು ಬೇಕಾದರೂ ಚೆಂದ ಕಾಣುತ್ತಾರೆ. ಕೊನೆಯ ಸಾಲು ನೋಡಿ. ಎಡ ಅಂದರೆ ಬಲಗಾಲು ಇಡುವ, ಪ್ಯಾಂಟು ಜಾರುತ್ತಿರುವ, ಪಕ್ಕದವನನ್ನು ನೋಡಿ ಕಾಪಿ ಹೊಡೆಯುವ ಒಂದು ಮಗು ಅಲ್ಲಿ ಇದ್ದೇ ಇರುತ್ತದೆ. ಒಂದು ಗಂಟೆಯಲ್ಲಿ ಮೇಷ್ಟ್ರು ಎಷ್ಟು ಸಲ ಅದರ ಹತ್ತಿರ ಹೋದರು? ಹೆಸರು ಹಿಡಿದು ಕರೆದರಾ? ತಪ್ಪನ್ನು ತೋರಿಸಿ ತಿದ್ದಿದರಾ, ಇಲ್ಲ ಎಲ್ಲರ ಮುಂದೆ ನಗೆಪಾಟಲು ಮಾಡಿದರಾ? ನಿಮ್ಮ ಮಗು ಸೇರಿದ ದಿನ ನಿಲ್ಲುವುದು ಅದೇ ಸಾಲಿನಲ್ಲಿ.

ನಾನು ನೋಡಿದ ಒಂದು ಕಡೆ ಮೇಷ್ಟ್ರು ಕುರ್ಚಿಯಲ್ಲಿ ಕೂತು ಮೊಬೈಲ್ ನೋಡುತ್ತಿದ್ದರು. ಹತ್ತನೇ ಕ್ಲಾಸಿನ ಹುಡುಗನೊಬ್ಬ ಐವತ್ತು ಮಕ್ಕಳಿಗೆ ಎಣಿಕೆ ಹೇಳುತ್ತಿದ್ದ. ಹಿರಿಯ ವಿದ್ಯಾರ್ಥಿಗಳು ಕಿರಿಯರಿಗೆ ಹೇಳಿಕೊಡುವುದು ಈ ವಿದ್ಯೆಯಲ್ಲಿ ವಾಡಿಕೆಯೇ. ಆದರೆ ಮೇಷ್ಟ್ರ ಕಣ್ಣು ಅಲ್ಲಿರಬೇಕು. ಒಬ್ಬರಿಗೆ ಇಪ್ಪತ್ತು ಇಪ್ಪತ್ತೈದು ಮಕ್ಕಳಿಗಿಂತ ಜಾಸ್ತಿ ಇದ್ದರೆ ಕೊನೆಯ ಸಾಲಿಗೆ ಏನೂ ತಲುಪುವುದಿಲ್ಲ.

ನೆಲ ನೋಡಿ. ಬರೀ ಸಿಮೆಂಟ್ ಟೆರೇಸ್ ಮೇಲೆ ನಿಂತು ಗುದ್ದು ಕಲಿಯಬಹುದು. ಆದರೆ ಅದೇ ನೆಲದ ಮೇಲೆ ಬೀಳಿಸುವ ಪಟ್ಟು ಹಾಕಿಸಿದರೆ ಎದ್ದು ಬನ್ನಿ. ಶುರುವಿನಲ್ಲಿ ಹತ್ತು ಹದಿನೈದು ನಿಮಿಷವಾದರೂ ಮೈ ಬೆಚ್ಚಗಾಗಿಸುತ್ತಾರಾ ನೋಡಿ. ಇಬ್ಬರನ್ನು ಎದುರುಬದುರು ಬಿಟ್ಟಾಗ ಗ್ಲೌಸ್, ಹಲ್ಲಿನ ಗಾರ್ಡ್, ಮೊಣಕಾಲ ಕೆಳಗಿನ ಪ್ಯಾಡ್ ಇದೆಯಾ? ತೂಕ, ಎತ್ತರ ನೋಡಿ ಜೋಡಿ ಮಾಡುತ್ತಾರಾ? ಮಗುವಿಗೆ ಏಟು ಬಿದ್ದಾಗ ಆಟ ನಿಲ್ಲುತ್ತದಾ, ಇಲ್ಲ 'ಏನಾಗಲ್ಲ ಏಳು' ಎಂಬ ಮಾತು ಬರುತ್ತದಾ? ನೀರು ಕುಡಿಯಲು ಬಿಡದೆ ಅದನ್ನೇ ಗಟ್ಟಿತನ ಎನ್ನುವವರು ಇನ್ನೂ ಇದ್ದಾರೆ. ಅದು ಗಟ್ಟಿತನವಲ್ಲ, ಅಜ್ಞಾನ.

ಇನ್ನೊಂದು ಮುಖ್ಯ ಮಾತು. ಇದು ಮೈ ಮುಟ್ಟಿ ಕಲಿಸುವ ವಿದ್ಯೆ. ಕೈ ತಿದ್ದುವಾಗ, ಸೊಂಟ ತಿರುಗಿಸುವಾಗ ಮುಟ್ಟಬೇಕಾಗುತ್ತದೆ. ಒಳ್ಳೆಯ ಮೇಷ್ಟ್ರು 'ಕೈ ಹಿಡಿದು ತೋರಿಸಲಾ?' ಎಂದು ಕೇಳಿ ಮುಟ್ಟುತ್ತಾರೆ, ಎಲ್ಲರ ಎದುರೇ ಮುಟ್ಟುತ್ತಾರೆ. ಮಗುವನ್ನು ಒಂಟಿಯಾಗಿ 'ಸ್ಪೆಷಲ್ ಕ್ಲಾಸ್'ಗೆ ಕರೆದರೆ ನೀವೂ ಜೊತೆಯಲ್ಲಿರಿ. ಯಾವ ಮುಟ್ಟುವಿಕೆ ಸರಿಯಲ್ಲ ಎಂದು ಮನೆಯಲ್ಲಿ ಮಗುವಿಗೆ ಮೊದಲೇ ಹೇಳಿ. ಮಕ್ಕಳ ಸಹಾಯವಾಣಿ 1098 ಮಗುವಿಗೂ ಬಾಯಿಪಾಠವಾಗಿರಲಿ.

ಬೆಲ್ಟ್ ಮತ್ತು ದುಡ್ಡಿನ ಲೆಕ್ಕ

ಬಿಳಿಯಿಂದ ಶುರುವಾಗಿ ಹಳದಿ, ಕಿತ್ತಳೆ, ಹಸಿರು, ನೀಲಿ, ಕಂದು, ಕೊನೆಗೆ ಕಪ್ಪು. ನಡುವಿನ ಬಣ್ಣಗಳು ಸಂಸ್ಥೆಯಿಂದ ಸಂಸ್ಥೆಗೆ ಹಿಂದೆ ಮುಂದೆ ಆಗುತ್ತವೆ. ಬಟ್ಟೆಯ ಮೇಲೆ ದರ್ಜೆ ತೋರಿಸುವ ಈ ಪದ್ಧತಿ ಕರಾಟೆಗೆ ಬಂದದ್ದು ಜೂಡೊದಿಂದ. ತಪ್ಪದೆ ಹೋಗುವವರಿಗೂ ಕಪ್ಪು ಬೆಲ್ಟ್ ಮುಟ್ಟಲು ನಾಲ್ಕೈದು ವರ್ಷ ಬೇಕು. 'ಎರಡು ವರ್ಷದಲ್ಲಿ ಬ್ಲ್ಯಾಕ್ ಬೆಲ್ಟ್ ಗ್ಯಾರಂಟಿ' ಎಂದು ಬೋರ್ಡಿನಲ್ಲಿ ಬರೆದಿದ್ದರೆ ಅವರು ಮಾರುತ್ತಿರುವುದು ಬೆಲ್ಟನ್ನು.

ನಾನು ಎಲ್ಲ ಕಡೆ ಕೇಳಿದ ಒಂದು ಪ್ರಶ್ನೆ ಇದು: 'ಕಳೆದ ಬೆಲ್ಟ್ ಪರೀಕ್ಷೆಯಲ್ಲಿ ಎಷ್ಟು ಜನ ಫೇಲಾದರು?' ಇಬ್ಬರು ಮೇಷ್ಟ್ರು ನಕ್ಕು ಬಿಟ್ಟರು. ಒಬ್ಬರು 'ನಮ್ಮಲ್ಲಿ ಯಾರೂ ಫೇಲಾಗಲ್ಲ ಮೇಡಂ' ಎಂದು ಹೆಮ್ಮೆಯಿಂದ ಹೇಳಿದರು. ಇನ್ನೊಬ್ಬರು, 'ನಾಲ್ಕು ಮಕ್ಕಳನ್ನು ನಿಲ್ಲಿಸಿದ್ದೀನಿ, ಮುಂದಿನ ಸಲ ಕೂರಲಿ' ಎಂದರು. ನಾವು ಸೇರಿದ್ದು ಅವರ ಹತ್ತಿರ.

ಪಾಂಪ್ಲೆಟ್‌ನಲ್ಲಿ ಇರುವುದು ತಿಂಗಳ ಫೀಸ್ ಮಾತ್ರ. ಅದರ ಹಿಂದೆ ಅಡ್ಮಿಷನ್, ಯೂನಿಫಾರ್ಮ್, ಪ್ರತಿ ಬೆಲ್ಟಿನ ಪರೀಕ್ಷೆ, ಸರ್ಟಿಫಿಕೇಟ್, ಟೂರ್ನಮೆಂಟ್ ಎಂಟ್ರಿ, ಹೋಗಿಬರುವ ವ್ಯಾನ್ ಖರ್ಚು ಸಾಲಾಗಿ ನಿಂತಿರುತ್ತವೆ. ನಮ್ಮ ಮೊದಲ ಕ್ಲಾಸಿನಲ್ಲಿ ಒಂದು ವರ್ಷದ ಪರೀಕ್ಷೆ ಫೀಸುಗಳೇ ಆರು ತಿಂಗಳ ಫೀಸನ್ನು ಮೀರಿದ್ದವು. ಹಾಗಾಗಿ ಒಂದು ವರ್ಷಕ್ಕೆ ಒಟ್ಟು ಎಷ್ಟಾಗುತ್ತದೆ ಎಂದು ಅವರ ಎದುರೇ ಚೀಟಿಯಲ್ಲಿ ಬರೆದುಕೊಳ್ಳಿ. ಡಿಸ್ಕೌಂಟ್ ಆಸೆಗೆ ಇಡೀ ವರ್ಷದ ದುಡ್ಡು ಮೊದಲೇ ಕಟ್ಟಬೇಡಿ.

ಮದುವೆ ಛತ್ರದಲ್ಲಿ ನಡೆಯುವ 'ಇಂಟರ್‌ನ್ಯಾಷನಲ್' ಟೂರ್ನಮೆಂಟುಗಳಲ್ಲಿ ಹೋದವರಿಗೆಲ್ಲ ಪದಕ ಸಿಗುತ್ತದೆ. ಮಗುವಿಗೆ ಖುಷಿ, ಒಂದು ಸಲ ಹೋಗಿ ಬನ್ನಿ. ಗಂಭೀರವಾಗಿ ಸ್ಪರ್ಧೆಗೆ ಇಳಿಯುವುದಾದರೆ ಶಾಲೆಯ ಪಿ.ಟಿ. ಮೇಷ್ಟ್ರನ್ನು ಕೇಳಿ. ಶಾಲಾ ಕ್ರೀಡಾಕೂಟಗಳಲ್ಲಿ ಕರಾಟೆ, ಟೇಕ್ವಾಂಡೊ, ಜೂಡೊ ಮೂರೂ ಇವೆ. ಯಾವ ಕ್ಲಾಸಿನ ಮಕ್ಕಳು ಅಲ್ಲಿ ಗೆದ್ದು ಮುಂದೆ ಹೋಗುತ್ತಾರೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಟೇಕ್ವಾಂಡೊ ಕಪ್ಪು ಬೆಲ್ಟ್ ಆದರೆ ಆ ವಿದ್ಯೆಯ ಮುಖ್ಯ ಕೇಂದ್ರವಾದ ಸಿಯೋಲ್‌ನ ಕುಕ್ಕಿವಾನ್ ಸಂಸ್ಥೆಯ ಸರ್ಟಿಫಿಕೇಟ್ ಬರುತ್ತದಾ ಎಂದು ವಿಚಾರಿಸಿ.

ಸೇರುವ ವಾರ

ಆರೇಳು ವರ್ಷ ಆಗುವವರೆಗೆ ಅವಸರ ಬೇಡ. ಅದಕ್ಕಿಂತ ಚಿಕ್ಕವರಿಗೆ ಓಡುವ, ಉರುಳುವ ಆಟವೇ ಸಾಕು. ಉಬ್ಬಸ, ಫಿಟ್ಸ್, ಹೃದಯದ ತೊಂದರೆ, ಹಿಂದೆ ಮೂಳೆ ಮುರಿದದ್ದು ಯಾವುದಿದ್ದರೂ ಡಾಕ್ಟರನ್ನು ಕೇಳಿ, ಮೇಷ್ಟ್ರಿಗೂ ಹೇಳಿ. ಇನ್‌ಹೇಲರ್ ಇದ್ದರೆ ಬ್ಯಾಗಿನಲ್ಲೇ ಇರಲಿ. ನಲವತ್ತು ದಾಟಿದವರು ಬಿಪಿ, ಮಂಡಿ ಎರಡನ್ನೂ ತೋರಿಸಿಕೊಂಡು ಹೋಗಿ.

ಮೊದಲ ತಿಂಗಳು ಯೂನಿಫಾರ್ಮ್ ಕೊಳ್ಳಬೇಡಿ. ಟ್ರ್ಯಾಕ್ ಪ್ಯಾಂಟು, ಟೀ ಶರ್ಟು ಸಾಕು. ಕೊಳ್ಳುವಾಗ ಒಂದು ಸೈಜ್ ದೊಡ್ಡದು ತಗೊಳ್ಳಿ. ಹತ್ತಿ ಬಟ್ಟೆ ನೀರಿಗೆ ಬಿದ್ದರೆ ಕುಗ್ಗುತ್ತದೆ, ಮಗು ಬೆಳೆಯುತ್ತದೆ. ಕೈಕಾಲಿನ ಉಗುರು ಕತ್ತರಿಸಿ. ಸರ, ಬಳೆ, ಓಲೆ ಮನೆಯಲ್ಲೇ ಬಿಚ್ಚಿಡಿ. ಊಟವಾದ ತಕ್ಷಣ ಕಳಿಸಬೇಡಿ, ಒಂದೂವರೆ ಗಂಟೆಯಾದರೂ ಕಳೆದಿರಲಿ. ಹಸಿವೆಂದರೆ ಒಂದು ಬಾಳೆಹಣ್ಣು.

ಮೊದಲ ತಿಂಗಳು

ಚಪ್ಪಲಿ ಹೊರಗೆ ಬಿಟ್ಟು, ಬಾಗಿ ವಂದಿಸಿ ಒಳಗೆ ಹೋಗುವುದು ಮೊದಲ ಪಾಠ. ಕರಾಟೆಯಲ್ಲಿ ಎಣಿಕೆ ಜಪಾನಿ ಭಾಷೆಯಲ್ಲಿ: ಇಚಿ, ನಿ, ಸಾನ್, ಶಿ, ಗೋ. ಎರಡು ವಾರದಲ್ಲಿ ಮನೆಯಲ್ಲಿ ದೋಸೆ ಎಣಿಸುವುದೂ ಹಾಗೇ ಆಗುತ್ತದೆ. ಬಿಡಿ ಗುದ್ದು, ಒದೆತ, ತಡೆಗಳ ಅಭ್ಯಾಸ ಕಿಹೋನ್. ಅವುಗಳನ್ನು ಪೋಣಿಸಿ ಒಬ್ಬರೇ ಮಾಡುವುದು ಕಟಾ. ಎದುರಾಳಿಯ ಜೊತೆ ಆಡುವುದು ಕುಮಿಟೆ. ಮೊದಲ ತಿಂಗಳು ಕಿಹೋನ್ ಬಿಟ್ಟು ಹೆಚ್ಚೇನೂ ಇರುವುದಿಲ್ಲ, ಇರಲೂಬಾರದು.

ಎರಡನೇ ದಿನ ತೊಡೆ ಹಿಡಿದುಕೊಳ್ಳುತ್ತದೆ. ನಾನಂತೂ ಮೆಟ್ಟಿಲನ್ನು ಪಕ್ಕವಾಗಿ ಇಳಿಯುತ್ತಿದ್ದೆ. ಸ್ನಾಯು ನೋವು ಎರಡು ಮೂರು ದಿನದಲ್ಲಿ ಹೋಗುತ್ತದೆ. ಕೀಲು ನೋವು, ಊತ ಇದ್ದರೆ ಮಾತ್ರ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಮೂರನೇ ವಾರಕ್ಕೆ ಬೇಸರ ಬರುತ್ತದೆ, ಅದೇ ಗುದ್ದು ನೂರು ಸಲ. ಹೆಚ್ಚು ಮಕ್ಕಳು ಬಿಡುವುದು ಆಗಲೇ. ಮನೆಯಲ್ಲಿ ದಿನಕ್ಕೆ ಹತ್ತು ನಿಮಿಷ ಜೊತೆಗೆ ನಿಂತು ಮಾಡಿದರೆ ಆ ವಾರ ದಾಟಬಹುದು. ತಮ್ಮನ ಮೇಲೆ ಪ್ರಯೋಗ ಮಾತ್ರ ಬೇಡ ಎಂದು ಮೊದಲೇ ಹೇಳಿರಿ.

ದೊಡ್ಡವರು ನಾಚಿಕೊಳ್ಳಬೇಡಿ. ನಾನು 41ರಲ್ಲಿ ಕೊನೆಯ ಸಾಲಿಗೆ ಸೇರಿದೆ. ಪಕ್ಕದಲ್ಲಿದ್ದ ನಾಲ್ಕನೇ ಕ್ಲಾಸಿನ ಹುಡುಗ ಮೊದಲ ದಿನವೇ 'ಆಂಟಿ, ಮಂಡಿ ಬಗ್ಗಿಸಿ' ಎಂದು ತಿದ್ದಿದ. ಅವನು ಹೇಳಿದ್ದು ಸರಿಯಾಗಿಯೇ ಇತ್ತು.

ಕ್ಲಾಸ್ ಬದಲಿಸಿದರೆ ಹಳೆಯ ಬೆಲ್ಟ್ ನಡೆಯುತ್ತದಾ ಎಂದು ಹಲವರು ಕೇಳುತ್ತಾರೆ. ಅದು ಹೊಸ ಮೇಷ್ಟ್ರಿಗೆ ಬಿಟ್ಟದ್ದು. ಸರ್ಟಿಫಿಕೇಟ್ ತೋರಿಸಿ, ಅವರು ಪರೀಕ್ಷಿಸಿ ನೋಡಲಿ. ನನ್ನ ಮಗಳನ್ನು ಅವರು ಬಿಳಿ ಬೆಲ್ಟಿಗೆ ಇಳಿಸಿದರು. ಎರಡು ದಿನ ಮುಖ ಊದಿಸಿಕೊಂಡಿದ್ದಳು. ಮತ್ತೆ ಹಸಿರು ಬರಲು ಎರಡೂವರೆ ವರ್ಷ ಹಿಡಿಯಿತು. ಮೊದಲಿನ ಹಸಿರು ಬೆಲ್ಟ್ ಈಗ ಅಟ್ಟದ ಮೇಲಿನ ಹಾಸಿಗೆ ಸುತ್ತಿ ಕಟ್ಟಲು ಉಪಯೋಗವಾಗುತ್ತಿದೆ. ಬಹಳ ಗಟ್ಟಿ ಬಟ್ಟೆ, ಇನ್ನೂ ಹರಿದಿಲ್ಲ.