ಬಿಲ್ಲಿ ಬ್ರ್ಯಾಗ್ ಹಾಡು ಕಿವಿಗೆ ಬಿತ್ತಾ? ರೆಕಾರ್ಡ್ ಹುಡುಕುವುದು ಹೀಗೆ

ಫೋಕ್-ಪಂಕ್, ಅಂದರೆ ಜಾನಪದದ ಧಾಟಿಗೆ ಪಂಕ್ ರಾಕ್‌ನ ಬಿರುಸು ಬೆರೆತ ಹಾಡು, ಬೇಕು ಅಂತ ಹುಡುಕಿಕೊಂಡು ಹೋಗುವವರು ಕಡಿಮೆ. ಬೇರೆ ಏನನ್ನೋ ಕೇಳುತ್ತಿರುವಾಗ ಅದಾಗಿಯೇ ಬಂದುಬಿಡುತ್ತದೆ. ಡ್ರಮ್ಸ್ ಇಲ್ಲ, ಬೇಸ್ ಇಲ್ಲ, ಒಂದೇ ಎಲೆಕ್ಟ್ರಿಕ್ ಗಿಟಾರ್, ಪೂರ್ವ ಲಂಡನ್ ಕಡೆಯ ಒರಟು ಮಾತಿನ ಧಾಟಿ. ಹಾಗೆ ಕೇಳಿಸಿದರೆ ಅದು ಬಾರ್ಕಿಂಗ್‌ನ ಬಿಲ್ಲಿ ಬ್ರ್ಯಾಗ್ ಇರಬಹುದು. ಕೆಲವರಿಗೆ ಅವರು ಸಿಗುವುದು ಅಮೆರಿಕದ ವಿಲ್ಕೊ ಬ್ಯಾಂಡಿನ ದಾರಿಯಲ್ಲಿ, ಯಾಕೆಂದರೆ ಅಮೆರಿಕದ ಜಾನಪದ ಗಾಯಕ ವುಡಿ ಗತ್ರಿ ಬರೆದಿಟ್ಟು ಹೋಗಿದ್ದ ಸಾಲುಗಳಿಗೆ ಇವರೆಲ್ಲ ಸೇರಿ ರಾಗ ಹಾಕಿದ ಆಲ್ಬಮ್ 1998ರಲ್ಲಿ ಬಂತು. ಹೇಗೇ ಸಿಗಲಿ, ಆ ಕ್ಷಣವೇ ಹೆಸರು ಬರೆದಿಟ್ಟುಕೊಳ್ಳಿ, ಆಮೇಲೆ ನೆನಪಾಗುವುದಿಲ್ಲ.

ಮೊದಲು ಕೊಳ್ಳಬೇಕಾದದ್ದು 1983ರ 'ಲೈಫ್ಸ್ ಎ ರಯಟ್ ವಿತ್ ಸ್ಪೈ ವರ್ಸಸ್ ಸ್ಪೈ'. ಏಳೇ ಹಾಡು, ಒಟ್ಟು 16 ನಿಮಿಷದೊಳಗೆ ಮುಗಿಯುತ್ತದೆ. ಅದರ ಕವರ್ ಮೇಲೆಯೇ '2.99 ಪೌಂಡ್‌ಗಿಂತ ಜಾಸ್ತಿ ಕೊಡಬೇಡಿ' ಅಂತ ಅಚ್ಚು ಹಾಕಿಸಿದ್ದರು. ದುಡ್ಡಿಲ್ಲದವರ ಕೈಗೂ ಸಿಗಲಿ ಅಂತ ಮಾಡಿದ ರೆಕಾರ್ಡ್ ಇದು. ಹಾಗಾಗಿ ಮೊದಲ ಮುದ್ರಣವೇ ಬೇಕು ಅಂತ ಸಾವಿರಾರು ರೂಪಾಯಿ ಸುರಿಯುವುದು ನನಗೆ ಸರಿ ಕಾಣುವುದಿಲ್ಲ. ಮೊದಲು ಹೊರತಂದದ್ದು ಯುಟಿಲಿಟಿ ಅನ್ನುವ ರೆಕಾರ್ಡ್ ಸಂಸ್ಥೆ, ಸ್ವಲ್ಪ ದಿನಕ್ಕೆ ಗೋ! ಡಿಸ್ಕ್ಸ್ ಅನ್ನುವ ಇನ್ನೊಂದು ಸಂಸ್ಥೆಯವರು ಮತ್ತೆ ತಂದರು. ಅದನ್ನೇ ತಗೊಳ್ಳಿ, ಹಾಡು ಅದೇ ತಾನೇ.

ಹುಡುಕಲು ಡಿಸ್ಕಾಗ್ಸ್ ಸಾಕು, ಅದು ರೆಕಾರ್ಡ್‌ಗಳ ಪಟ್ಟಿ ಇರುವ, ಕೊಳ್ಳುವ ಮಾರುವ ವೆಬ್‌ಸೈಟ್. ಮಾರುವವರ ಹತ್ತಿರ ಎರಡು ಫೋಟೊ ಕೇಳಿ: ರೆಕಾರ್ಡಿನ ನಡುವೆ ಅಂಟಿಸಿರುವ ಕಾಗದದ ಲೇಬಲ್‌ದು ಒಂದು, ಹಾಡು ಮುಗಿದ ಮೇಲೆ ಲೇಬಲ್ ಸುತ್ತ ಉಳಿಯುವ ಖಾಲಿ ಜಾಗದಲ್ಲಿ ಕೊರೆದ ನಂಬರಿನದು ಇನ್ನೊಂದು. ಆ ನಂಬರನ್ನು ಡಿಸ್ಕಾಗ್ಸ್ ಪಟ್ಟಿಗೆ ಹೋಲಿಸಿದರೆ ಯಾವ ಮುದ್ರಣ ಅಂತ ತಿಳಿಯುತ್ತದೆ. ಇನ್ನು ಗ್ರೇಡ್, ಅಂದರೆ ರೆಕಾರ್ಡ್ ಎಷ್ಟು ಚೆನ್ನಾಗಿದೆ ಅನ್ನುವ ಅಳತೆ. ಕವರ್ ಅಂಚು ಸವೆದಿದ್ದರೆ, ಮೇಲೆ ಯಾರದೋ ಹೆಸರು ಬರೆದಿದ್ದರೆ ಬಿಟ್ಟುಬಿಡಿ, ಅದರಿಂದ ಏನೂ ಆಗುವುದಿಲ್ಲ. ಆದರೆ ರೆಕಾರ್ಡ್ ಮಾತ್ರ ವಿಜಿ ಪ್ಲಸ್ (ವೆರಿ ಗುಡ್ ಪ್ಲಸ್) ಗ್ರೇಡ್‌ಗಿಂತ ಕೆಳಗಿನದು ಬೇಡ. ಬೇರೆ ರಾಕ್ ಆಲ್ಬಮ್‌ಗಳಲ್ಲಿ ಚಟಪಟ ಸದ್ದು ಡ್ರಮ್ಸ್ ಗದ್ದಲದಲ್ಲಿ ಮುಚ್ಚಿಹೋಗುತ್ತದೆ, ಇಲ್ಲಿ ಗಿಟಾರ್ ನಿಂತ ಕೂಡಲೇ ಬರೀ ಮೌನ, ಆ ಮೌನದಲ್ಲಿ ಪ್ರತಿ ಗೀರೂ ಕೇಳುತ್ತದೆ.

ಇಂಗ್ಲೆಂಡಿನಿಂದ ತರಿಸುವುದಾದರೆ ರೆಕಾರ್ಡಿಗಿಂತ ಅಂಚೆ ಖರ್ಚೇ ಜಾಸ್ತಿ ಆಗಬಹುದು, ಮೇಲೆ ಕಸ್ಟಮ್ಸ್ ಸುಂಕವೂ ಬೀಳಬಹುದು. ಅದಕ್ಕೇ ಒಬ್ಬರೇ ಮಾರಾಟಗಾರರಿಂದ ಮೂರು ನಾಲ್ಕು ಒಟ್ಟಿಗೆ ತಗೊಳ್ಳಿ, ಅಥವಾ ಅಲ್ಲಿಂದ ಬರುವ ನೆಂಟರು ಯಾರಾದರೂ ಇದ್ದರೆ ಕೇಳಿ. ಪೋಸ್ಟ್‌ನಲ್ಲಿ ಬರುವುದಾದರೆ ರೆಕಾರ್ಡನ್ನು ಕವರ್‌ನಿಂದ ಹೊರಗೆ ತೆಗೆದು, ಒಳಕವರ್ ಸಮೇತ ಅದರ ಹಿಂದೆ ಇಟ್ಟು ಪ್ಯಾಕ್ ಮಾಡಲು ಹೇಳಿ. ಇಲ್ಲದಿದ್ದರೆ ದಾರಿಯಲ್ಲಿ ರೆಕಾರ್ಡ್ ಜಾರಿ ಕವರಿನ ಅಂಚು ಸೀಳುತ್ತದೆ.

ಬಂದ ಮೇಲೆ ಹಾಕುವ ಮುಂಚೆ ಸ್ಪೀಡ್ ನೋಡಿ. 12 ಇಂಚಿನದಾದರೂ ಮೂಲ ಮುದ್ರಣ ಓಡುವುದು ನಿಮಿಷಕ್ಕೆ 45 ಸುತ್ತಿನಲ್ಲಿ, 33ರಲ್ಲಿ ಅಲ್ಲ. ಬಿಬಿಸಿ ರೇಡಿಯೊದಲ್ಲಿ ಹಾಡು ಹಾಕುತ್ತಿದ್ದ ಜಾನ್ ಪೀಲ್ ಕೂಡ ಇದನ್ನು ಮೊದಲ ಸಲ ತಪ್ಪು ಸ್ಪೀಡ್‌ನಲ್ಲೇ ಹಾಕಿದ್ದರು! ಆ ಕಥೆ ನನಗೆ ಬಹಳ ಇಷ್ಟ. ಹಸಿವಾಗಿದೆ ಅಂತ ಪೀಲ್ ರೇಡಿಯೊದಲ್ಲಿ ಹೇಳಿದ್ದು ಕೇಳಿ ಬ್ರ್ಯಾಗ್ ಅಣಬೆ ಬಿರಿಯಾನಿ ಹಿಡಿದು ಬಿಬಿಸಿಗೆ ಓಡಿದರು, ಪೀಲ್ ಹಾಡು ಹಾಕಿದರು. ಬಿರಿಯಾನಿ ಕೊಡದಿದ್ದರೂ ಹಾಕುತ್ತಿದ್ದೆ ಅಂತ ಆಮೇಲೆ ಪೀಲ್ ಹೇಳಿದ್ದಾರೆ, ಸರಿಯಾದ ಸ್ಪೀಡ್‌ನಲ್ಲಿ ಮತ್ತೊಮ್ಮೆ ಹಾಕಿಯೂ ಇದ್ದಾರೆ.

ಹಳೇ ರೆಕಾರ್ಡ್ ಆದ್ದರಿಂದ ಒರೆಸಿಯೇ ಮುಳ್ಳು ಇಡಿ. ಮೆತ್ತನೆ ಮೈಕ್ರೋಫೈಬರ್ ಬಟ್ಟೆ, ಸ್ವಲ್ಪ ಡಿಸ್ಟಿಲ್ಡ್ ವಾಟರ್, ಗೆರೆ ಹೋದ ಕಡೆಗೇ ಸುತ್ತಾಗಿ ಒರೆಸಿ, ಅಡ್ಡಡ್ಡ ಬೇಡ. ಲೇಬಲ್‌ಗೆ ನೀರು ತಾಗಬಾರದು. ಪೂರ್ತಿ ಒಣಗಿದ ಮೇಲೆ ನಿಲ್ಲಿಸಿ ಇಡಿ, ಒಂದರ ಮೇಲೊಂದು ಪೇರಿಸಬೇಡಿ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಆಗಾಗ ತೆಗೆದು ನೋಡುತ್ತಿರಿ, ಕವರ್‌ಗೆ ಬೂಷ್ಟು ಬೇಗ ಹಿಡಿಯುತ್ತದೆ.